ಗೆಲಾಕ್ಸಿಗಳನ್ನು ಕಟ್ಟಿದ್ದು ಗುರುತ್ವವೋ, ಅಯಸ್ಕಾಂತವೋ?

ನೀರ್ಚಾಲು ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮೂರ ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಕೆಲವರು ಸೇರಿ ವಿಜ್ಞಾನ ಮಾತಾಡುತ್ತೇವೆ. ಈ ಸಲ ಒಬ್ಬರು ಯೂಟ್ಯೂಬ್ ವಿಡಿಯೋ ಒಂದನ್ನು ತೋರಿಸಿದರು. ಅದರಲ್ಲಿ ಎರಡು ಮಾತು ಇತ್ತು. ಒಂದು, ಗೆಲಾಕ್ಸಿಗಳು ಅಷ್ಟು ವೇಗವಾಗಿ ತಿರುಗಿಯೂ ಚದುರಿಹೋಗದೇ ಇರುವುದು ಕಾಂತಕ್ಷೇತ್ರದಿಂದ, ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದೆ ಗುರುತ್ವದಿಂದ ಮಾತ್ರ ಎಳೆಯುವ ರಾಶಿ) ಅನ್ನುವುದೆಲ್ಲ ಸುಮ್ನೆ ಕಟ್ಟಿದ ಕಥೆ. ಎರಡು, ವಿಶ್ವದ ನಕ್ಷೆಯಲ್ಲಿ ಗೆಲಾಕ್ಸಿಗಳು ಎಳೆ ಎಳೆಯಾಗಿ ಕಾಣುತ್ತವೆ, ಆ ಎಳೆಗಳೇ ಕಾಂತರೇಖೆಗಳು.

ಎಲ್ಲೋ ತಪ್ಪಿದೆ ಅಂತ ಅನಿಸಿತು. ಎಲ್ಲಿ ಅಂತ ಹೇಳಲು ನನಗೆ ಬರಲಿಲ್ಲ. ನಾನು ಬಿಎಸ್ಸಿ ಎರಡನೇ ವರ್ಷ. ಗಣಿತ ಇದ್ದರೂ ಪರವಾಗಿಲ್ಲ, ಬಿಡಿಸಿ ಹೇಳುತ್ತೀರಾ?

ಕುಂಬಳೆ ಕಡಲು

ಆ ವಿಡಿಯೋ ನಾನೂ ನೋಡಿದ್ದೇನೆ. ಅಷ್ಟು ಬೇಗ ತಳ್ಳಿಹಾಕಬೇಡಿ ಮಾರಾಯ್ರೆ. ಗೆಲಾಕ್ಸಿಗಳಲ್ಲಿ ಕಾಂತಕ್ಷೇತ್ರ ಇರುವುದು ನಿಜ ತಾನೇ? ಪಾಠಪುಸ್ತಕದಲ್ಲಿ ಗುರುತ್ವ ಒಂದೇ ಎಲ್ಲವನ್ನೂ ಮಾಡಿದ ಹಾಗೆ ಬರೆಯುತ್ತಾರೆ.

ಪೆರ್ಲ ಮೇಷ್ಟ್ರು

ಕ್ಷೇತ್ರ ಇರುವುದು ನಿಜ. ಎಷ್ಟಿದೆ, ಯಾವುದರ ಎದುರು ನಿಂತಿದೆ ಅನ್ನುವುದು ಮುಖ್ಯ. ಲೆಕ್ಕ ಮಾಡೋಣ.

ನಮ್ಮ ಕಾಸರಗೋಡಿನಲ್ಲಿ ದಿಕ್ಸೂಚಿ ತಿರುಗಿಸುವ ಭೂಮಿಯ ಕಾಂತಕ್ಷೇತ್ರ ಸುಮಾರು 0.4 ಗಾಸ್. ಆಕಾಶಗಂಗೆಯಲ್ಲಿ, ಸೂರ್ಯನ ಆಸುಪಾಸಿನ ಜಾಗದಲ್ಲಿ, ಅದು ಸುಮಾರು 5 ಮೈಕ್ರೋಗಾಸ್. ಮೈಕ್ರೋಗಾಸ್ ಅಂದರೆ ಗಾಸ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು. ಭೂಮಿಯದ್ದಕ್ಕಿಂತ ಸುಮಾರು 80,000 ಪಟ್ಟು ಕಡಿಮೆ ಆಯಿತು.

ಈ ಕ್ಷೇತ್ರದ ಶಕ್ತಿ ಪ್ರತಿ ಘನ ಸೆಂಟಿಮೀಟರಿಗೆ ಎಷ್ಟು? ಕ್ಷೇತ್ರದ ವರ್ಗವನ್ನು 8π ಯಿಂದ ಭಾಗಿಸಿ. ಒಂದು ಎರ್ಗ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು ಬರುತ್ತದೆ. ಈಗ ಅದೇ ಜಾಗದ ಅನಿಲ ನೋಡಿ. ಘನ ಸೆಂಟಿಮೀಟರಿಗೆ ಒಂದು ಹೈಡ್ರೋಜನ್ ಪರಮಾಣು ಇಟ್ಟುಕೊಳ್ಳಿ. ಅದು ಗೆಲಾಕ್ಸಿಯ ಸುತ್ತ ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಅದರ ಚಲನಶಕ್ತಿ ಕಾಂತಶಕ್ತಿಗಿಂತ ಸುಮಾರು 400 ಪಟ್ಟು ಜಾಸ್ತಿ. ಇಷ್ಟು ಓಡುವ ಅನಿಲವನ್ನು ಈ ಕ್ಷೇತ್ರ ಹಿಡಿದು ನಿಲ್ಲಿಸಲಾರದು.

ಅನಿಲವನ್ನು ಬಿಡಿ, ನಕ್ಷತ್ರಗಳ ವಿಷಯ ಇನ್ನೂ ಸ್ಪಷ್ಟ. ಸೂರ್ಯನಂಥ ಭಾರದ ಉಂಡೆಯನ್ನು 5 ಮೈಕ್ರೋಗಾಸ್ ಅಲುಗಾಡಿಸುವುದೂ ಇಲ್ಲ. ಆದರೂ ನಕ್ಷತ್ರಗಳೂ ಅನಿಲವೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತವೆ. ಹಿಡಿದಿಟ್ಟದ್ದು ಕಾಂತಬಲ ಆಗಿದ್ದರೆ ನಕ್ಷತ್ರಗಳು ಯಾವತ್ತೋ ಹಾರಿಹೋಗಬೇಕಿತ್ತು, ಅಲ್ವಾ?

ಕುಂಬಳೆ ಕಡಲು

5 ಮೈಕ್ರೋಗಾಸ್ ನಮ್ಮ ಹತ್ತಿರದ ಲೆಕ್ಕ. ಹೊರ ಅಂಚಿನಲ್ಲಿ ಜಾಸ್ತಿ ಇದ್ದರೆ?

ಪೆರ್ಲ ಮೇಷ್ಟ್ರು

ಶಕ್ತಿಯಲ್ಲಿ 400 ಪಟ್ಟು ತುಂಬಬೇಕಾದರೆ ಕ್ಷೇತ್ರ 20 ಪಟ್ಟು ಏರಬೇಕು. ಅಂದರೆ 100 ಮೈಕ್ರೋಗಾಸ್, ಅದೂ ಗೆಲಾಕ್ಸಿಯ ಉದ್ದಗಲಕ್ಕೆ. ಅಷ್ಟಿದ್ದರೆ ಅದರಲ್ಲಿ ಸುರುಳಿ ಸುತ್ತುವ ಎಲೆಕ್ಟ್ರಾನ್‌ಗಳಿಂದ ಬರುವ ರೇಡಿಯೋ ಬೆಳಕು ನೂರಾರು ಪಟ್ಟು ಏರಬೇಕು. ಆಕಾಶದಲ್ಲಿ ಹಾಗೆ ಕಾಣುವುದಿಲ್ಲ.

ಇನ್ನೊಂದು. ಕಾಂತಕ್ಷೇತ್ರಕ್ಕೆ ಒತ್ತಡವೂ ಇದೆ, ಅದು ಅನಿಲವನ್ನು ಹೊರಕ್ಕೆ ಉಬ್ಬಿಸುತ್ತದೆ. ಗಟ್ಟಿ ಕ್ಷೇತ್ರ ಹಾಕಿದರೆ ಗೆಲಾಕ್ಸಿಯ ತಟ್ಟೆ ಬಿಗಿಯಾಗುವ ಬದಲು ದಪ್ಪವಾಗುತ್ತದೆ. ಇಷ್ಟೂ ಸಾಲದಿದ್ದರೆ ಗುರುತ್ವ ಮಸೂರ ನೋಡಿ. ಗೆಲಾಕ್ಸಿ ಗುಂಪುಗಳ ಹಿಂದಿನ ಬೆಳಕು ಎಷ್ಟು ಬಾಗುತ್ತದೆ ಅಂತ ಅಳೆದರೂ ಕಾಣದ ರಾಶಿ ಇದೆ ಅಂತಲೇ ಬರುತ್ತದೆ. ಈ ಕ್ಷೇತ್ರಗಳು ಬೆಳಕನ್ನು ಬಾಗಿಸುವುದಿಲ್ಲ. ಡಾರ್ಕ್ ಮ್ಯಾಟರ್ ಏನು ಅಂತ ಯಾರಿಗೂ ಗೊತ್ತಿಲ್ಲ, ಸರಿ. ಆ ಖಾಲಿ ಕುರ್ಚಿಯಲ್ಲಿ ಅಯಸ್ಕಾಂತವನ್ನು ಕೂರಿಸಲು ಆಗುವುದಿಲ್ಲ.

ಅಕ್ಕಲಕೋಟೆ ರೇಡಿಯೋ

ಮೇಷ್ಟ್ರೇ, ಲೆಕ್ಕ ಚಲೋ ಅದ. ಎಳೆಗಳ ಮಾತಿಗೂ ಉತ್ತರ ಹೇಳಿಬಿಡ್ರಿ.

ಪೆರ್ಲ ಮೇಷ್ಟ್ರು

ಅದು ಚಿಕ್ಕ ಉತ್ತರ. 1970ರಲ್ಲಿ ಯಾಕೋವ್ ಜೆಲ್ಡೊವಿಚ್ ತೋರಿಸಿದರು: ಗುರುತ್ವದಿಂದ ಕುಸಿಯುವ ದೊಡ್ಡ ಮೋಡ ಎಲ್ಲ ಕಡೆಯಿಂದ ಸಮವಾಗಿ ಕುಸಿಯುವುದಿಲ್ಲ. ಮೊದಲು ಒಂದು ದಿಕ್ಕಿನಲ್ಲಿ ಕುಸಿದು ಹಾಳೆಯಾಗುತ್ತದೆ, ಮತ್ತೊಂದು ದಿಕ್ಕಿನಲ್ಲಿ ಕುಸಿದು ಎಳೆಯಾಗುತ್ತದೆ, ಕೊನೆಗೆ ಗಂಟು. ಕಂಪ್ಯೂಟರಿನಲ್ಲಿ ಬರೀ ಗುರುತ್ವ ಹಾಕಿ ಓಡಿಸಿದರೂ ಅದೇ ಬಲೆ ಬರುತ್ತದೆ. ಕಾಂತಕ್ಷೇತ್ರ ಒಂದು ಚೂರೂ ಬೇಡ.

ನೀರ್ಚಾಲು ಓದುಗ

ಅರ್ಥ ಆಯಿತು. ಹಾಗಾದರೆ ಕಾಂತಕ್ಷೇತ್ರ ಅಲ್ಲಿ ಸುಮ್ಮನೆ ಇದೆ, ಏನೂ ಮಾಡುವುದಿಲ್ಲ ಅಂತಲಾ?

ಪೆರ್ಲ ಮೇಷ್ಟ್ರು

ಅಯ್ಯೋ, ಹಾಗಲ್ಲ! ನಿಜವಾದ ಸ್ವಾರಸ್ಯ ಇಲ್ಲಿಂದ ಶುರು.

ಅದೇ 5 ಮೈಕ್ರೋಗಾಸ್ ತಗೊಳ್ಳಿ. ಈಗ ಅದನ್ನು ತಿರುಗುವ ವೇಗದ ಜೊತೆ ಹೋಲಿಸಬೇಡಿ. ಅನಿಲದ ಮೋಡಗಳು ತಮ್ಮೊಳಗೆ ಅಡ್ಡಾದಿಡ್ಡಿ ಕದಡುತ್ತವಲ್ಲ, ಆ ವೇಗ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್. ಆ ಶಕ್ತಿಯನ್ನು ಲೆಕ್ಕ ಹಾಕಿದರೆ ಕಾಂತಶಕ್ತಿಯೂ ಅದೂ ಹೆಚ್ಚುಕಡಿಮೆ ಸಮ! ಕಾಸ್ಮಿಕ್ ಕಿರಣಗಳ, ಅಂದರೆ ಬೆಳಕಿನ ವೇಗಕ್ಕೆ ಹತ್ತಿರ ಓಡುವ ಕಣಗಳ, ಶಕ್ತಿಯೂ ಅಲ್ಲೇ ಆಸುಪಾಸು ಇದೆ. ಇಡೀ ಗೆಲಾಕ್ಸಿಯ ತಿರುಗಾಟದ ಮುಂದೆ ಲೆಕ್ಕಕ್ಕಿಲ್ಲದ ಕ್ಷೇತ್ರ, ನಕ್ಷತ್ರ ಹುಟ್ಟುವ ಮೋಡದ ಒಳಗೆ ಸರಿಸಮನಾಗಿ ಕುಸ್ತಿಗೆ ನಿಲ್ಲುತ್ತದೆ. ಹಾಗಾಗಿ ಯಾರಾದರೂ ಕಾಂತಕ್ಷೇತ್ರ ಮುಖ್ಯ ಅಂದರೆ ನಾನು ಕೇಳುವುದು ಇಷ್ಟೇ: ಎಷ್ಟು ದೊಡ್ಡ ಜಾಗದಲ್ಲಿ, ಯಾವ ಶಕ್ತಿಯ ಎದುರು?

1953ರಲ್ಲಿ ಚಂದ್ರಶೇಖರ್ ಮತ್ತು ಫರ್ಮಿ ಇದೇ ಪ್ರಶ್ನೆ ಹಿಡಿದರು. ನಕ್ಷತ್ರಗಳ ಬೆಳಕು ಧೂಳಿನಿಂದ ಒಂದು ದಿಕ್ಕಿಗೆ ಧ್ರುವೀಕರಣ ಆಗಿರುತ್ತದೆ, ಅಂದರೆ ಅಲೆಯ ಅಲುಗಾಟ ಒಂದು ದಿಕ್ಕಿಗೆ ಹೆಚ್ಚು ಇರುತ್ತದೆ ಅಂತ 1949ರಲ್ಲಿ ಹಿಲ್ಟ್ನರ್ ಮತ್ತು ಹಾಲ್ ಕಂಡಿದ್ದರು. ಧೂಳಿನ ಕಣಗಳನ್ನು ಸಾಲು ಹಿಡಿಸುವುದು ಕಾಂತಕ್ಷೇತ್ರ. ಆ ದಿಕ್ಕುಗಳು ಎಷ್ಟು ಕದಡಿವೆ ಅನ್ನುವುದರಿಂದ ಚಂದ್ರಶೇಖರ್ ಜೋಡಿ ಕ್ಷೇತ್ರದ ಬಲ ಅಂದಾಜು ಮಾಡಿತು. ಬಂದ ಉತ್ತರ ಸುಮಾರು 7 ಮೈಕ್ರೋಗಾಸ್. ಆಗಿನ ಉಪಕರಣಗಳಲ್ಲಿ! ಕ್ಷೇತ್ರ ಸಾಕಷ್ಟು ಗಟ್ಟಿ ಇದ್ದರೆ ಮೋಡ ಗುರುತ್ವದಿಂದ ಕುಸಿಯುವುದನ್ನು ತಡೆಯಬಲ್ಲದು ಅಂತಲೂ ಅದೇ ವರ್ಷ ತೋರಿಸಿದರು.

ಕಾಂತರೇಖೆಗಳು ಬಿಗಿದ ಕತ್ತದ ಹಗ್ಗದ ಹಾಗೆ. ಬಾಗಿಸಲು ಹೋದರೆ ಎಳೆಯುತ್ತವೆ, ಪಕ್ಕದಿಂದ ಒತ್ತಿದರೆ ತಳ್ಳುತ್ತವೆ. ವಿದ್ಯುತ್ ಕಣಗಳಿರುವ ಅನಿಲ ಈ ರೇಖೆಗಳಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಕುಸಿಯುವ ಮೋಡ ರೇಖೆಗಳನ್ನೂ ಜೊತೆಗೆ ಎಳೆದುಕೊಂಡೇ ಕುಸಿಯಬೇಕು. ಅದು ಸಲೀಸಲ್ಲ. ಜೊತೆಗೆ ಮೋಡದ ತಿರುಗಾಟವನ್ನು ಈ ರೇಖೆಗಳು ಹೊರಗಿನ ಅನಿಲಕ್ಕೆ ದಾಟಿಸಿ ಬ್ರೇಕ್ ಹಾಕುತ್ತವೆ. ಆ ಬ್ರೇಕ್ ಇಲ್ಲದಿದ್ದರೆ ಮೋಡ ಸುತ್ತಿ ಸುತ್ತಿ ನಕ್ಷತ್ರ ಆಗುವ ಮೊದಲೇ ನಿಂತುಬಿಡಬಹುದು. ಒಂದೇ ಕ್ಷೇತ್ರ ತಡೆಯುವುದೂ ಹೌದು, ದಾರಿ ಮಾಡಿಕೊಡುವುದೂ ಹೌದು.

ಆಕಾಶಗಂಗೆಯಲ್ಲಿ ವರ್ಷಕ್ಕೆ ಸರಿಸುಮಾರು ಎರಡು ಸೂರ್ಯರಷ್ಟು ಹೊಸ ನಕ್ಷತ್ರ ಹುಟ್ಟುತ್ತದೆ. ಇರುವ ತಣ್ಣನೆಯ ಅನಿಲ ಎಲ್ಲ ಸಲೀಸಾಗಿ ಕುಸಿದರೆ ಇದು ನೂರಾರು ಆಗಬೇಕಿತ್ತು. ಕದಡಾಟ, ಸಾಯುವ ನಕ್ಷತ್ರಗಳ ಸ್ಫೋಟ, ಕಾಂತಕ್ಷೇತ್ರ: ತಡೆಯುವವರು ಮೂವರು. ಯಾರ ಪಾಲು ಎಷ್ಟು ಅಂತ ಜಗಳ ಇನ್ನೂ ಮುಗಿದಿಲ್ಲ.

ತಾಳವಾಡಿ ಗುಡ್ಡ

ಒಂದು ಮೂಲ ಪ್ರಶ್ನೆ. ಅಷ್ಟು ದೂರಕ್ಕೆ ದಿಕ್ಸೂಚಿ ಯಾರು ತಗೊಂಡು ಹೋದರು? ಮೈಕ್ರೋಗಾಸ್ ಅಂತ ಗೊತ್ತಾಗುವುದು ಹೇಗೆ?

ಅಕ್ಕಲಕೋಟೆ ರೇಡಿಯೋ

ಇದು ನನ್ನ ಹೊಲ, ನಾ ಹೇಳ್ತೀನಿ. ನಾನು ಹವ್ಯಾಸಿ ರೇಡಿಯೋದವ.

ಮುಖ್ಯ ದಾರಿ ಫ್ಯಾರಡೆ ಕಂಡದ್ದು, 1845ರಲ್ಲಿ. ಧ್ರುವೀಕರಣ ಆದ ಬೆಳಕು ಕಾಂತಕ್ಷೇತ್ರದ ಉದ್ದಕ್ಕೆ ಸಾಗಿದರೆ ಅದರ ದಿಕ್ಕು ತಿರುಗುತ್ತದೆ. ಫ್ಯಾರಡೆ ನೋಡಿದ್ದು ಗಾಜಿನಲ್ಲಿ. ಆಕಾಶದಲ್ಲಿ ಗಾಜಿನ ಕೆಲಸವನ್ನು ಎಲೆಕ್ಟ್ರಾನ್ ತುಂಬಿದ ಅನಿಲ ಮಾಡುತ್ತದೆ. ಎಷ್ಟು ತಿರುಗುತ್ತದೆ ಅನ್ನುವುದು ತರಂಗದ ಉದ್ದದ ವರ್ಗಕ್ಕೆ ತಕ್ಕ ಹಾಗೆ. ಅದಕ್ಕೇ ಹಿಂದಿರುವ ಒಂದೇ ರೇಡಿಯೋ ಗೆಲಾಕ್ಸಿಯನ್ನು ಹಲವು ಫ್ರೀಕ್ವೆನ್ಸಿಯಲ್ಲಿ ನೋಡಿದರೆ ಸಾಕು. ನಡುವೆ ಎಷ್ಟು ಎಲೆಕ್ಟ್ರಾನ್ ಇವೆ ಅಂತ ಎಕ್ಸ್-ರೇಯಿಂದ ಬೇರೆಯಾಗಿ ತಿಳಿದುಕೊಂಡು, ಕ್ಷೇತ್ರ ಎಷ್ಟು ಅಂತ ತೆಗೆಯುತ್ತಾರೆ. ಗೆಲಾಕ್ಸಿ ಗುಂಪುಗಳ ಒಳಗೆ ಕೆಲವು ಮೈಕ್ರೋಗಾಸ್ ಅಂತ ಬಂದದ್ದು ಹೀಗೆ.

ಎರಡನೆಯದು ಸಿಂಕ್ರೋಟ್ರಾನ್ ಬೆಳಕು. ಬೆಳಕಿನ ವೇಗಕ್ಕೆ ಹತ್ತಿರ ಓಡುವ ಎಲೆಕ್ಟ್ರಾನ್ ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತಿದರೆ ರೇಡಿಯೋ ಹೊರಡುತ್ತದೆ. ರೇಡಿಯೋ ಗೆಲಾಕ್ಸಿ ಅನ್ನುವವು ಹೊಳೆಯುವುದೇ ಇದರಿಂದ.

ತಾಳವಾಡಿಯವರೇ, ನಿಮ್ಮ ಪಕ್ಕದ ಊಟಿಯ ದುರ್ಬೀನು ಅಷ್ಟು ವರ್ಷ ನೋಡಿದ್ದು ಈ ಬೆಳಕನ್ನೇ.

ತಾಳವಾಡಿ ಗುಡ್ಡ

ಮುತ್ತೊರೈದಾ? ಅದನ್ನು ನೋಡಿದ್ದೇನೆ! ಗುಡ್ಡದ ಇಳಿಜಾರಿಗೆ ಮಲಗಿಸಿದ ಹಾಗಿದೆ. 530 ಮೀಟರ್ ಉದ್ದ, 30 ಮೀಟರ್ ಅಗಲ. ಆ ಇಳಿಜಾರಿನ ಕೋನ ಊಟಿಯ ಅಕ್ಷಾಂಶದಷ್ಟೇ, ಸುಮಾರು 11 ಡಿಗ್ರಿ. ಹಾಗಾಗಿ ದುರ್ಬೀನಿನ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರ. ಒಂದೇ ಅಚ್ಚಿನ ಸುತ್ತ ತಿರುಗಿಸಿದರೆ ನಕ್ಷತ್ರವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಗುಡ್ಡ ಹುಡುಕಿ ಹುಡುಕಿ ಆರಿಸಿದರಂತೆ. ರೇಡಿಯೋ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅವರ ತಲೆ, 1970ರಲ್ಲಿ ಕೆಲಸ ಶುರು ಮಾಡಿತು. ನಮ್ಮ ಹುಡುಗರು ಊಟಿಗೆ ಹೋದರೆ ಬೋಟಿಂಗ್ ಮಾಡಿ ವಾಪಸ್ ಬರುತ್ತಾರೆ, ಏನು ಹೇಳೋದು.

ಅಕ್ಕಲಕೋಟೆ ರೇಡಿಯೋ

ನಮ್ಮ ಕಡೆಯವರಿಗೆ ನಾರಾಯಣಗಾವ್ ಹತ್ತಿರದ ಖೋಡದ್ ಇದೆ. ಅಲ್ಲಿಯ ಜಿಎಂಆರ್‌ಟಿ ರೇಡಿಯೋ ದುರ್ಬೀನಿನಲ್ಲಿ 45 ಮೀಟರಿನ 30 ತಟ್ಟೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಜನರಿಗೆ ಬಾಗಿಲು ತೆರೀತಾರ, ಸೊಲ್ಲಾಪುರದಿಂದ ಬಸ್ ಮಾಡಿಕೊಂಡು ಹೋಗಿ ನೋಡ್ರಿ.

ಮಡಕಶಿರಾ ಹುಡುಗಿ

ತಡವಾಗಿ ಬಂದೆ. ಎಂಎಸ್ಸಿ ಪ್ರಾಜೆಕ್ಟಿಗೆ ಇದೇ ವಿಷಯ ಓದುತ್ತಿದ್ದೇನೆ, ಹಾಗಾಗಿ ಸುಮ್ಮನಿರಲು ಆಗುತ್ತಿಲ್ಲ. ಇಲ್ಲಿಯವರೆಗೆ ಮಾತಾಡಿದ್ದೆಲ್ಲ ಇವತ್ತಿನ ವಿಶ್ವ. ಗೆಲಾಕ್ಸಿಗಳೇ ಹುಟ್ಟುವ ಮೊದಲು ಕಾಂತಕ್ಷೇತ್ರ ಇದ್ದಿದ್ದರೆ ಕಥೆ ಬೇರೆ ಆಗುತ್ತದೆ.

1978ರಲ್ಲಿ ಐರಾ ವಾಸರ್‌ಮನ್ ಒಂದು ಲೆಕ್ಕ ಮಾಡಿದರು. ಮಹಾಸ್ಫೋಟದ ಸುಮಾರು 3.8 ಲಕ್ಷ ವರ್ಷದ ನಂತರ ಎಲೆಕ್ಟ್ರಾನ್ ಪ್ರೋಟಾನ್ ಕೂಡಿ ಹೈಡ್ರೋಜನ್ ಆಯಿತು. ಅದಕ್ಕೂ ಮೊದಲು ಬೆಳಕು ಅನಿಲವನ್ನು ಬಿಗಿಯಾಗಿ ಹಿಡಿದಿತ್ತು, ಕಾಂತಬಲ ತಳ್ಳಿದರೂ ಅದು ಜರುಗುತ್ತಿರಲಿಲ್ಲ. ಆಮೇಲೆ ಆ ಹಿಡಿತ ಬಿಟ್ಟಿತು. ಪರಮಾಣು ಆದಮೇಲೆ ಕಾಂತಬಲ ತಾಗುವುದು ಹೇಗೆ ಅಂತ ಕೇಳಬಹುದು. ಹತ್ತು ಸಾವಿರದಲ್ಲಿ ಎರಡು ಮೂರು ಎಲೆಕ್ಟ್ರಾನ್ ಪ್ರೋಟಾನ್ ಕೂಡದೆ ಉಳಿದುಬಿಟ್ಟವು. ಕಾಂತಬಲ ಆ ಕೆಲವನ್ನು ತಳ್ಳುತ್ತದೆ, ಅವು ಡಿಕ್ಕಿ ಹೊಡೆದು ಉಳಿದ ಅನಿಲವನ್ನೂ ಎಳೆದುಕೊಂಡು ಹೋಗುತ್ತವೆ. ಅನಿಲ ಅಲ್ಲಲ್ಲಿ ಗುಂಪಾದರೆ ಡಾರ್ಕ್ ಮ್ಯಾಟರ್ ಕೂಡ ಗುರುತ್ವದಿಂದ ಹಿಂದೆಯೇ ಬರುತ್ತದೆ. ಅಂದರೆ ಕಾಂತಕ್ಷೇತ್ರ ರಚನೆಗೆ ಬೀಜ ಹಾಕಬಹುದು.

ಕುಂಬಳೆ ಕಡಲು

ನೋಡಿದಿರಾ! ನಾನು ಹೇಳಿದ್ದೂ ಇದೇ ಅಲ್ವಾ?

ಮಡಕಶಿರಾ ಹುಡುಗಿ

ನಿಲ್ಲಿ ನಿಲ್ಲಿ, ಅಳತೆ ನೋಡಿ. ಆದಿಕಾಲದ ಕ್ಷೇತ್ರ ಇವತ್ತಿನ ಲೆಕ್ಕಕ್ಕೆ 1 ನ್ಯಾನೋಗಾಸ್ ಇತ್ತು ಅಂತಿಟ್ಟುಕೊಳ್ಳಿ, ಅಂದರೆ ಗಾಸ್‌ನ ನೂರು ಕೋಟಿಯಲ್ಲಿ ಒಂದು ಪಾಲು. ಅದರ ಶಕ್ತಿ ಮಹಾಸ್ಫೋಟದ ಉಳಿಕೆ ಬೆಳಕಿನ ಶಕ್ತಿಯ ಕೋಟಿಯಲ್ಲಿ ಒಂದು ಪಾಲು. ಆ ಬೆಳಕಿನಲ್ಲಿ ಕಾಣುವ ಏರಿಳಿತಗಳೋ ಲಕ್ಷದಲ್ಲಿ ಒಂದು. ಪ್ಲಾಂಕ್ ಉಪಗ್ರಹದ 2015ರ ಫಲಿತಾಂಶದಲ್ಲಿ ಕ್ಷೇತ್ರಕ್ಕೆ ಇಟ್ಟ ಮೇಲಿನ ಗಡಿ ಕೆಲವೇ ನ್ಯಾನೋಗಾಸ್. ಹಾಗಾಗಿ ದೊಡ್ಡ ಬಲೆ, ದೊಡ್ಡ ಗೆಲಾಕ್ಸಿ ಗುಂಪು, ಇವನ್ನು ಕಾಂತಕ್ಷೇತ್ರ ಕಟ್ಟಿದ್ದಲ್ಲ.

ಅದರ ಪ್ರಭಾವ ಇರುವುದು ಚಿಕ್ಕ ಅಳತೆಯಲ್ಲಿ. ಕುಬ್ಜ ಗೆಲಾಕ್ಸಿಗಳು, ಅದಕ್ಕೂ ಚಿಕ್ಕ ಮೊದಲ ಗುಂಪುಗಳು. ಅಲ್ಲಿ ಹೆಚ್ಚುವರಿ ಗುಂಪುಗಳು ಬೇಗ ಹುಟ್ಟಬಹುದು. ಇನ್ನೂ ಚಿಕ್ಕದಕ್ಕೆ ಹೋದರೆ ಕಾಂತದ ಒತ್ತಡವೇ ಅಡ್ಡ ಬಂದು ಬೆಳವಣಿಗೆ ನಿಲ್ಲುತ್ತದೆ. ಕಂದಸ್ವಾಮಿ ಸುಬ್ರಮಣಿಯನ್ ಮತ್ತು ಜಾನ್ ಬ್ಯಾರೋ 1998ರಲ್ಲಿ ಈ ಗಡಿಗಳನ್ನು ಚೆನ್ನಾಗಿ ಬಿಡಿಸಿದ್ದಾರೆ. ಮತ್ತೊಂದು ತೊಡಕು: ಕೂಡದೆ ಉಳಿದ ಪ್ರೋಟಾನ್‌ಗಳು ಪರಮಾಣುಗಳಿಗೆ ಉಜ್ಜುವಾಗ ಅನಿಲ ಬಿಸಿಯಾಗುತ್ತದೆ. ಬಿಸಿ ಅನಿಲ ಕುಸಿಯುವುದು ಕಷ್ಟ. ಗುಂಪು ಜಾಸ್ತಿ, ಆದರೆ ಅದರೊಳಗೆ ಅನಿಲ ಇಳಿಯುವುದು ಕಡಿಮೆ. ಮೊದಲ ನಕ್ಷತ್ರಗಳಿಗೆ ಒಟ್ಟಾರೆ ಲಾಭವೋ ನಷ್ಟವೋ ಅನ್ನುವುದು ಕ್ಷೇತ್ರದ ಬಲದ ಮೇಲೆ ನಿಂತಿದೆ.

ನೀರ್ಚಾಲು ಓದುಗ

ಆದಿಯಲ್ಲಿ ಇತ್ತು ಅಂತ ಹೇಳುವುದಕ್ಕೆ ಆಧಾರ ಏನು? ಈಗ ಗೆಲಾಕ್ಸಿಗಳಲ್ಲಿ ಇರುವುದನ್ನು ನೋಡಿ ಹಿಂದಕ್ಕೆ ಲೆಕ್ಕ ಹಾಕಬಹುದಲ್ಲ?

ಮಡಕಶಿರಾ ಹುಡುಗಿ

ಒಳ್ಳೆ ಪ್ರಶ್ನೆ, ಅಲ್ಲೇ ಎಲ್ಲರೂ ಸಿಕ್ಕಿಬೀಳುವುದು. ಹಿಂದಕ್ಕೆ ಹೋಗಲು ಆಗುವುದಿಲ್ಲ. ಯಾಕೆಂದರೆ ಗೆಲಾಕ್ಸಿಗಳ ಒಳಗೆ ಡೈನಮೋ ಇದೆ. ಕದಡುವ ಅನಿಲ ಕಾಂತರೇಖೆಗಳನ್ನು ಎಳೆದು ಮಡಚಿ ಕ್ಷೇತ್ರವನ್ನು ಬೆಳೆಸುತ್ತದೆ. ಬೀಜ ಎಷ್ಟೇ ಚಿಕ್ಕದಿರಲಿ, ಕದಡಾಟದ ಶಕ್ತಿಗೆ ಸಮ ಆಗುವವರೆಗೆ ಬೆಳೆದು ಅಲ್ಲಿ ನಿಲ್ಲುತ್ತದೆ. ಮೇಷ್ಟ್ರು 10 ಕಿಲೋಮೀಟರಿನ ಲೆಕ್ಕದಲ್ಲಿ ಸರಿಸಮ ಅಂದರಲ್ಲ, ಆ ಸಮ ಆಕಸ್ಮಿಕ ಅಲ್ಲ.

ಬೀಜ ಹುಟ್ಟಲು ಆದಿಕಾಲವೇ ಬೇಕೆಂದೂ ಇಲ್ಲ. 1950ರಲ್ಲಿ ಲುಡ್ವಿಗ್ ಬಿಯರ್‌ಮನ್ ಹೇಳಿದ ಬ್ಯಾಟರಿ ಇದೆ. ಅನಿಲದ ಉಷ್ಣತೆ ಒಂದು ದಿಕ್ಕಿಗೆ, ಸಾಂದ್ರತೆ ಇನ್ನೊಂದು ದಿಕ್ಕಿಗೆ ಏರುತ್ತಿದ್ದರೆ ಹಗುರ ಎಲೆಕ್ಟ್ರಾನ್‌ಗಳು ಬೇರೆಯಾಗಿ ಓಡಿ ಸಣ್ಣ ವಿದ್ಯುತ್ ಹರಿವು ಹುಟ್ಟುತ್ತದೆ. ಶೂನ್ಯದಿಂದ ಕ್ಷೇತ್ರ!

ಇಲಸ್ಟ್ರಿಸ್‌ಟಿಎನ್‌ಜಿ ಅನ್ನುವ ದೊಡ್ಡ ಕಂಪ್ಯೂಟರ್ ವಿಶ್ವದಲ್ಲೂ ಇದೇ ಕಂಡಿತು. ಬಹಳ ಚಿಕ್ಕ ಬೀಜ ಹಾಕಿದರೂ ಗೆಲಾಕ್ಸಿಗಳಲ್ಲಿ ಮೈಕ್ರೋಗಾಸ್ ಬಂತು. ನಿಜವಾದ ಆಕಾಶದಲ್ಲೂ ಬೆಳವಣಿಗೆ ಬೇಗ ಆಗಿದೆ. 2023ರಲ್ಲಿ 9ಐಒ9 ಅನ್ನುವ ಗೆಲಾಕ್ಸಿಯಲ್ಲಿ ಅಚ್ಚುಕಟ್ಟಾದ ಕಾಂತಕ್ಷೇತ್ರ ಕಂಡಿತು. ಅದರ ಬೆಳಕು ಹೊರಟು 1,100 ಕೋಟಿ ವರ್ಷ ದಾಟಿದೆ. ವಿಶ್ವಕ್ಕೆ ಆಗ 250 ಕೋಟಿ ವರ್ಷ ವಯಸ್ಸು.

ಹಾಗಾಗಿ ಗೆಲಾಕ್ಸಿಯ ಒಳಗೆ ಹುಡುಕಿ ಪ್ರಯೋಜನ ಕಡಿಮೆ, ಹಳೆಯ ಗುರುತು ಅಳಿಸಿಹೋಗಿದೆ. ನೋಡಬೇಕಾದದ್ದು ಡೈನಮೋ ಇಲ್ಲದ ಕಡೆ: ಎಳೆಗಳಲ್ಲಿ, ಅದಕ್ಕಿಂತಲೂ ಖಾಲಿ ಜಾಗಗಳಲ್ಲಿ.

ಅಕ್ಕಲಕೋಟೆ ರೇಡಿಯೋ

ಎಳೆಗಳಲ್ಲಿ ಸಿಕ್ಕಿದೆ. 2019ರಲ್ಲಿ ಯುರೋಪಿನ ಲೋಫರ್ ದುರ್ಬೀನು ಎಬೆಲ್ 399 ಮತ್ತು ಎಬೆಲ್ 401 ಅನ್ನುವ ಎರಡು ಗೆಲಾಕ್ಸಿ ಗುಂಪುಗಳ ನಡುವೆ ರೇಡಿಯೋ ಸೇತುವೆ ಕಂಡಿತು. ಸುಮಾರು ಒಂದು ಕೋಟಿ ಜ್ಯೋತಿರ್ವರ್ಷ ಉದ್ದ. ರೇಡಿಯೋ ಬಂತು ಅಂದರೆ ಕ್ಷೇತ್ರ ಇದೆ ಅಂತಲೇ ಅರ್ಥ.

ಮಡಕಶಿರಾ ಹುಡುಗಿ

ಖಾಲಿ ಜಾಗದ ಕಥೆ ನನಗೆ ಇನ್ನೂ ಇಷ್ಟ. ನಡುವಿನ ಕಪ್ಪುಕುಳಿಯಿಂದ ನಮ್ಮ ಕಡೆಗೇ ಚಿಲುಮೆ ಚಿಮ್ಮಿಸುವ ದೂರದ ಗೆಲಾಕ್ಸಿಗಳಾದ ಬ್ಲೇಜರ್‌ಗಳಿಂದ ಭಾರೀ ಶಕ್ತಿಯ ಗಾಮಾ ಕಿರಣ ಬರುತ್ತದೆ. ದಾರಿಯಲ್ಲಿ ಅದು ನಕ್ಷತ್ರಗಳ ಹಳೆ ಬೆಳಕಿಗೆ ಡಿಕ್ಕಿ ಹೊಡೆದು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿ ಆಗುತ್ತದೆ. ಆ ಜೋಡಿ ಮಹಾಸ್ಫೋಟದ ಉಳಿಕೆ ಬೆಳಕಿಗೆ ಗುದ್ದಿ ಅದನ್ನು ಕಡಿಮೆ ಶಕ್ತಿಯ ಗಾಮಾ ಕಿರಣ ಮಾಡುತ್ತದೆ. ಈ ಎರಡನೇ ಕಂತು ಫರ್ಮಿ ಉಪಗ್ರಹಕ್ಕೆ ಕಾಣಬೇಕಿತ್ತು. ಕಾಣಲಿಲ್ಲ. 2010ರಲ್ಲಿ ನೆರೊನೋವ್ ಮತ್ತು ವೋವ್ಕ್ ಅಂದರು: ದಾರಿಯಲ್ಲಿ ಕಾಂತಕ್ಷೇತ್ರ ಇದೆ, ಜೋಡಿಗಳನ್ನು ಪಕ್ಕಕ್ಕೆ ಬಾಗಿಸಿದೆ. ಅದಕ್ಕೆ ಬೇಕಾದ ಕನಿಷ್ಠ ಕ್ಷೇತ್ರ ಗಾಸ್‌ನ ಸುಮಾರು ನೂರು ಕೋಟಿ ಕೋಟಿಯಲ್ಲಿ ಒಂದು ಪಾಲು. ಕಾಣದೇ ಇದ್ದದ್ದರಿಂದ ಕ್ಷೇತ್ರ ಅಳೆದರು!

ಪೆರ್ಲ ಮೇಷ್ಟ್ರು

ಇದಕ್ಕೆ ತಕರಾರೂ ಇದೆಯಲ್ಲ? ಆ ಜೋಡಿಗಳು ನಡುವಿನ ತೆಳು ಅನಿಲದಲ್ಲಿ ಅಲೆ ಎಬ್ಬಿಸಿ ಅಲ್ಲೇ ಶಕ್ತಿ ಕಳೆದುಕೊಂಡಿರಬಹುದು ಅಂತ. ಹಾಗಾದರೆ ಕ್ಷೇತ್ರ ಇಲ್ಲದೆಯೂ ಎರಡನೇ ಕಂತು ಕಾಣುವುದಿಲ್ಲ.

ಮಡಕಶಿರಾ ಹುಡುಗಿ

ಹೌದು ಸರ್, ಆ ಚರ್ಚೆ ನಡೆಯುತ್ತಲೇ ಇದೆ. ನನಗೆ ಕ್ಷೇತ್ರದ ಕಡೆಯೇ ಒಲವು.

ಇನ್ನೊಂದು ಹೊಸ ಮಾತು ಹೇಳಿ ನಿಲ್ಲಿಸುತ್ತೇನೆ. ವಿಶ್ವ ಹಿಗ್ಗುವ ವೇಗಕ್ಕೆ (ಪ್ರತಿ ಮೆಗಾಪಾರ್ಸೆಕ್, ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ, ಸೆಕೆಂಡಿಗೆ ಎಷ್ಟು ಕಿಲೋಮೀಟರ್) ಎರಡು ಉತ್ತರ ಇದೆ: ಪ್ಲಾಂಕ್ ಲೆಕ್ಕದಲ್ಲಿ ಸುಮಾರು 67.4, ಹತ್ತಿರದ ಸೂಪರ್‌ನೋವಾಗಳಿಂದ ಸುಮಾರು 73. 2020ರಲ್ಲಿ ಯೆಡಾಮ್‌ಜಿಕ್ ಮತ್ತು ಪೊಗೋಸಿಯಾನ್ ಹೇಳಿದ್ದು: ಆದಿಯ ಕ್ಷೇತ್ರ ನ್ಯಾನೋಗಾಸ್‌ಗಿಂತ ಕಡಿಮೆ ಇದ್ದರೂ ಪರಮಾಣುಗಳು ಆಗುವ ಮೊದಲೇ ಅನಿಲವನ್ನು ಬಹಳ ಚಿಕ್ಕ ಅಳತೆಯಲ್ಲಿ ಗಂಟು ಗಂಟು ಮಾಡುತ್ತದೆ. ಗಂಟಾದ ಅನಿಲದಲ್ಲಿ ಎಲೆಕ್ಟ್ರಾನ್ ಪ್ರೋಟಾನ್ ಬೇಗ ಕೂಡುತ್ತವೆ. ಬೇಗ ಕೂಡಿದರೆ ಆಗಿನ ಅನಿಲದಲ್ಲಿ ಶಬ್ದದ ಅಲೆ ಓಡಿದ ದೂರ ಕಡಿಮೆ. ವಿಶ್ವದ ದೂರ ಅಳೆಯುವ ನಮ್ಮ ಅಳತೆಕೋಲೇ ಆ ದೂರ. ಕೋಲು ಚಿಕ್ಕದಾದರೆ ವೇಗದ ಉತ್ತರ 67ರಿಂದ ಮೇಲೆ ಏರುತ್ತದೆ. ಅಂತರ ಪೂರ್ತಿ ತುಂಬುವುದಿಲ್ಲ, ಸ್ವಲ್ಪ ತುಂಬಬಹುದು.

ಕುಂಬಳೆ ಕಡಲು

ಇದನ್ನು ಆ ವಿಡಿಯೋದವರು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಇರಲಿ. ಆದರೆ ಖಾಲಿ ಜಾಗದ ಕ್ಷೇತ್ರ ಆದಿಯದ್ದೇ ಅಂತ ಯಾಕೆ? ಗೆಲಾಕ್ಸಿಗಳೇ ಅಲ್ಲಿಗೆ ಉಗುಳಿರಬಾರದಾ?

ಅಕ್ಕಲಕೋಟೆ ರೇಡಿಯೋ

ಉಗುಳಿರಬಹುದು! 2024ರಲ್ಲಿ ಪೊರ್ಫಿರಿಯನ್ ಅಂತ ಹೆಸರಿಟ್ಟ ಒಂದು ಜೋಡಿ ಚಿಲುಮೆ (ಜೆಟ್) ಸಿಕ್ಕಿತು. ಒಂದು ಕಪ್ಪುಕುಳಿಯ ಎರಡೂ ಕಡೆಯಿಂದ ಹೊರಟು ತುದಿಯಿಂದ ತುದಿಗೆ 2.3 ಕೋಟಿ ಜ್ಯೋತಿರ್ವರ್ಷ. ಲೋಫರ್ ಕಂಡದ್ದು, ಅದು ಹೊರಟ ಗೆಲಾಕ್ಸಿ ಯಾವುದು ಅಂತ ಹುಡುಕಲು ನಮ್ಮ ಖೋಡದ್ ದುರ್ಬೀನು ಸಹಾಯ ಮಾಡಿತು. ಅಷ್ಟು ದೂರ ಹೋಗುವ ಚಿಲುಮೆ ಖಾಲಿ ಜಾಗಕ್ಕೂ ಕಾಂತಕ್ಷೇತ್ರ ಹೊತ್ತು ಹಾಕಬಹುದು.

ನೀರ್ಚಾಲು ಓದುಗ

ಹಾಗಾದರೆ ಎರಡನ್ನೂ ಬೇರೆ ಮಾಡಿ ಹೇಳುವುದು ಹೇಗೆ?

ಮಡಕಶಿರಾ ಹುಡುಗಿ

ಚಿಲುಮೆಯದ್ದಾದರೆ ತೇಪೆ ತೇಪೆಯಾಗಿರಬೇಕು, ಗೆಲಾಕ್ಸಿಗಳಿಂದ ದೂರ ಹೋದಷ್ಟೂ ಕಡಿಮೆ ಆಗಬೇಕು. ಆದಿಯದ್ದಾದರೆ ಖಾಲಿ ಜಾಗದ ನಟ್ಟನಡುವೆಯೂ ಇರಬೇಕು. ಅದಕ್ಕೆ ಆ ಖಾಲಿ ಜಾಗಗಳ ಆಚೆ ಇರುವ ರೇಡಿಯೋ ಗೆಲಾಕ್ಸಿಗಳ ಫ್ಯಾರಡೆ ಲೆಕ್ಕ ಈಗ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೇಕು. ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾದಲ್ಲಿ ಕಟ್ಟುತ್ತಿರುವ ಎಸ್‌ಕೆಎ ದುರ್ಬೀನಿನ ಮುಖ್ಯ ಕೆಲಸಗಳಲ್ಲಿ ಇದೂ ಒಂದು. ಭಾರತ ಅದಕ್ಕೆ 1,250 ಕೋಟಿ ರೂಪಾಯಿ ಕೊಡುತ್ತಿದೆ.

ತಾಳವಾಡಿ ಗುಡ್ಡ

ಅದರ ದತ್ತಾಂಶ ಇಲ್ಲಿಯವರಿಗೂ ಸಿಗುತ್ತದಾ?

ಮಡಕಶಿರಾ ಹುಡುಗಿ

ಪಾಲುದಾರ ದೇಶ ಅಂದಮೇಲೆ ಇಲ್ಲಿಯ ಸಂಶೋಧಕರಿಗೂ ಪಾಲಿದೆ. ಖೋಡದ್‌ನಲ್ಲಿ ಕೆಲಸ ಕಲಿತವರಿಗೆ ಕೈ ಪಳಗಿದೆ ಕೂಡ. ನೀರ್ಚಾಲಿನವರೇ, ಬಿಎಸ್ಸಿ ಮುಗಿದಮೇಲೆ ಈ ಕಡೆ ಬರುವ ಯೋಚನೆ ಇದ್ದರೆ ಈಗಲೇ ಪೈಥಾನ್ ಕಲಿಯಲು ಶುರು ಮಾಡಿ. ಫ್ಯಾರಡೆ ತಿರುವಿನ ಲೆಕ್ಕ ಒಂದು ಸರಳ ರೇಖೆ: ತರಂಗದ ಉದ್ದದ ವರ್ಗ ಅಡ್ಡಕ್ಕೆ, ಕೋನ ಮೇಲಕ್ಕೆ. ಮೊದಲ ಅಭ್ಯಾಸಕ್ಕೆ ಅದೇ ಸಾಕು.